ಜೋಳದ ಹೂವು, ನನ್ನ ಮೂಗು

ಆಗ ನನಗೆ ಹತ್ತೊಂಬತ್ತು. ಅದಾಗಿ ಅರವತ್ತೆಂಟು ವರ್ಷವಾಯಿತು. ಇಷ್ಟು ವರ್ಷದ ಮೇಲೂ ನೆನೆಸಿಕೊಂಡರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಮೊನ್ನೆ ಕುರ್ತಕೋಟಿಯಲ್ಲಿ ಯಾರದೋ ಮನೆ ಒಕ್ಕಲಿನ ಊಟವಿತ್ತು. ಮೊಮ್ಮಗಳು ಕಾರಿನಲ್ಲಿ ಕರೆದುಕೊಂಡು ಹೊರಟಳು. ಊರು ಇನ್ನೂ ನಾಲ್ಕು ಹೊಲ ಆಚೆ ಇರುವಾಗಲೇ ಗಾಜು ಇಳಿಸಿ, "ಅಜ್ಜಿ, ಹಳ್ಳಿ ಗಾಳಿ ತಗೋ, ಮೈಗೆ ಚಲೋ" ಅಂದಳು. ತೆಗೆದುಕೊಂಡೆ. ಒಂದರ ಮೇಲೊಂದು ಏಳು ಸೀನು ಬಂತು. ರಸ್ತೆಯ ಎರಡೂ ಕಡೆ ಬಿಳಿಜೋಳ ಹೂ ಬಿಟ್ಟು ನಿಂತಿತ್ತು. ಆ ವಾಸನೆ ಬೇರೆಯವರಿಗೆ ತಿಳಿಯುವುದೇ ಇಲ್ಲ. ನನಗೆ ತಿಳಿಯುತ್ತದೆ. ಹಸಿ ಹಿಟ್ಟನ್ನು ಬಿಸಿಲಿಗೆ ಹರವಿದ ಹಾಗಿರುತ್ತದೆ, ಅದರ ಹಿಂದೆ ಒಂದಿಷ್ಟು ಸಿಹಿ. ಮೊಮ್ಮಗಳು ಗಡಬಡಿಸಿ ಗಾಜು ಏರಿಸಿದಳು, ಚೀಲದಿಂದ ಒಂದು ಬಿಳಿ ಗುಳಿಗೆ ತೆಗೆದುಕೊಟ್ಟಳು. "ಅಲರ್ಜಿ ಅಜ್ಜಿ. ಏನಿಲ್ಲ ಅದು" ಅಂದಳು.

ಏನಿಲ್ಲವಂತೆ. ಆ ಏನೂ ಇಲ್ಲದ್ದು ನನ್ನ ಆರು ತಿಂಗಳ ಕೂಸನ್ನು ಮಡಿಲಿನಿಂದ ಕಿತ್ತು ಇಪ್ಪತ್ತೆರಡು ದಿನ ದೂರ ಇಟ್ಟಿತ್ತು. ಆ ಕೂಸಿನ ಮಗಳೇ ಈ ಗುಳಿಗೆಯವಳು.

ನಾನು ಬೆಟಗೇರಿಯ ಮಗ್ಗದ ಮನೆಯವಳು. ಮನೆಯೊಳಗೆ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮೂರು ಕುಣಿ ಮಗ್ಗ. ಹುಟ್ಟಿದಾಗಿನಿಂದ ನೂಲಿನ ಎಳೆ ಮೂಗಿಗೆ, ಬಾಯಿಗೆ ಹಾರುತ್ತಿತ್ತು. ಗಂಜಿಯ ಹುಳಿ ವಾಸನೆ, ಬಣ್ಣ ಕುದಿಸುವ ಹೊಗೆ, ಎಲ್ಲ ಕುಡಿದೇ ಬೆಳೆದೆ. ಹದಿನಾರು ವರ್ಷದಲ್ಲಿ ಒಂದು ದಿನ ಹಾಸಿಗೆ ಹಿಡಿದವಳಲ್ಲ. ನನ್ನನ್ನು ಕೊಟ್ಟ ಮನೆಯೂ ನಮ್ಮವರದೇ, ಆದರೆ ಎರಡು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ಹೊಲ ಹಿಡಿದವರು. ಕುರ್ತಕೋಟಿಯ ಎರೆ ಹೊಲ, ಎರಡು ಜೋಡಿ ಎತ್ತು. "ಜ್ವಾಳದ ಮನಿಗೆ ಕೊಟ್ಟೇನಿ, ಮಗಳ ಹೊಟ್ಟಿ ಚಿಂತಿ ಇಲ್ಲ" ಎಂದು ನಮ್ಮಪ್ಪ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಹೊಟ್ಟೆಯ ಚಿಂತೆ ಇರಲಿಲ್ಲ, ಅದು ಖರೆ. ಮೂಗಿನ ವಿಚಾರ ಯಾರೂ ಕೇಳಿರಲಿಲ್ಲ.

ಆ ಮನೆಯಲ್ಲಿ ಯಜಮಾನಿಕೆ ಅತ್ತೆಯದು. ಗಂಗವ್ವ ಅಂತ. ಮಾವ ಸತ್ತು ಬಹಳ ವರ್ಷವಾಗಿತ್ತು. ಇಬ್ಬರು ಗಂಡುಮಕ್ಕಳು. ಹಿರಿಯವನು, ನನ್ನ ಭಾವ, ಎತ್ತಿನ ಕೂಡ ಮಾತಾಡಿದಷ್ಟು ಮನುಷ್ಯರ ಕೂಡ ಮಾತಾಡಿದವನಲ್ಲ. ಅವನ ಹೆಂಡತಿ ಮುಂಡರಗಿ ಕಡೆಯವಳು, ನಾನು ಆ ಮನೆಗೆ ಬರುವುದಕ್ಕೆ ಎರಡು ವರ್ಷ ಮೊದಲು ಕ್ಷಯದಿಂದ ಸತ್ತಿದ್ದಳು. ಕಿರಿಯವರು ನಮ್ಮನೆಯವರು. ಅವರಿಗೆ ಆ ಕಾಲದಲ್ಲಿ ಏಕೀಕರಣದ ಹುಚ್ಚು. ಎಲ್ಲಿ ಸಭೆ ಅಂದರೆ ಅಲ್ಲಿ ಅವರು. ಗದಗಿಗೆ ಹೋದರೆ ಎರಡು ದಿನ, ಲಕ್ಷ್ಮೇಶ್ವರಕ್ಕೆ ಹೋದರೆ ಮೂರು ದಿನ. ಹೊಲದ ಕೆಲಸವೆಲ್ಲ ಭಾವನದು, ನಾಡಿನ ಕೆಲಸವೆಲ್ಲ ಇವರದು.

ನಾನು ಆ ಮನೆಗೆ ಹೋದ ಮೊದಲ ವರ್ಷ, ಚಳಿಗಾಲದ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ, ಸೀನು ಶುರುವಾಯಿತು. ಕಣ್ಣು ಕೆಂಪಗೆ, ಮೂಗಿನಿಂದ ನೀರು, ಗಂಟಲೊಳಗೆ ತುರಿಕೆ. ಗಂಟಲೊಳಗೆ ತುರಿಸಿದರೆ ಯಾರಿಗೆ ಹೇಳುವುದು, ಎಲ್ಲಿ ಕೈ ಹಾಕುವುದು? ನೆಗಡಿ ಅಂದರು. ಮೆಣಸಿನ ಕಷಾಯ ಕುಡಿಸಿದರು, ತಲೆಗೆ ನೀರು ಹಾಕಿಕೊಳ್ಳಬೇಡ ಅಂದರು. ಸಂಕ್ರಮಣ ಮುಗಿಯಿತು, ನೆಗಡಿಯೂ ಹೋಯಿತು. ಕಷಾಯದ ಗುಣ ಎಂದು ಅತ್ತೆ ಊರಿಗೆಲ್ಲ ಹೇಳಿದಳು. ಎರಡನೆಯ ವರ್ಷ ಅದೇ ಹೊತ್ತಿಗೆ ಮತ್ತೆ ಬಂತು. ಆಗ ನಾನು ಮೂರು ತಿಂಗಳ ಬಸುರಿ. "ಬಸರಿನ ಲಕ್ಷಣ, ಗಂಡಾದ್ರ ಸೀನು ಬರ್ತಾವ" ಅಂದರು. ಹುಟ್ಟಿದ್ದು ಹೆಣ್ಣು.

ಇದರ ನಡುವೆ ಅಪಶಕುನದ ಗೋಳು ಬೇರೆ. ನಮ್ಮ ಕಡೆ ಯಾರಾದರೂ ಹೊರಡುವಾಗ ಒಂದು ಸೀನು ಬಿದ್ದರೆ ಹೋಗಬಾರದು, ಒಳಗೆ ಬಂದು ಕೂತು ನೀರು ಕುಡಿದು ಹೋಗಬೇಕು. ಎರಡು ಬಿದ್ದರೆ ಅಡ್ಡಿಯಿಲ್ಲ. ನನಗೆ ಒಂದೂ ಅಲ್ಲ ಎರಡೂ ಅಲ್ಲ, ಐದು, ಒಂಬತ್ತು, ಹನ್ನೊಂದು. ಭಾವ ಎತ್ತು ಹೂಡಿ ನಿಂತಿರುತ್ತಿದ್ದ. ಅತ್ತೆ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದಳು.

"ಆತೇನ? ಮುಗೀತೇನ?"

"ಗೊತ್ತಿಲ್ರಿ ಅತ್ತಿ... ಆಕ್ಷೀ!"

"ಬೆಸ ಆತಲ್ಲೇ! ಇನ್ನೊಂದು ಸೀನು. ಎತ್ತು ಎಷ್ಟೊತ್ತು ನಿಲ್ಲತಾವ?"

ಬೇಕಾದಾಗ ಸೀನಲಿಕ್ಕೆ ಅದೇನು ನನ್ನ ಕೈಯಲ್ಲಿತ್ತೇ? ಕೊನೆಗೆ ನಾನು ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆದು ಮೂಗಿಗೆ ಹಾಕಿ ಸಮ ಮಾಡಿಕೊಡುತ್ತಿದ್ದೆ. ಆಮೇಲೆ ಎತ್ತು ಹೊರಡುತ್ತಿದ್ದವು.

ಮೂರನೆಯ ವರ್ಷ. ಬಾಣಂತನ ಮುಗಿಸಿಕೊಂಡು ದೀಪಾವಳಿಯ ಹೊತ್ತಿಗೆ ತೊಟ್ಟಿಲ ಸಮೇತ ಕುರ್ತಕೋಟಿಗೆ ಬಂದೆ. ಅದೇ ವಾರ ನಾಡು ಒಂದಾಯಿತು. ಚಾವಡಿಯ ಮುಂದೆ ತೋರಣ ಕಟ್ಟಿ ಪೇಢೆ ಹಂಚಿದರು. ನಮ್ಮನೆಯವರು ಗುಲಾಲು ಬಳಿದುಕೊಂಡು ಬಂದು, "ಮುಂಬೈ ಸರ್ಕಾರ ಹೋತವಾ! ಇನ್ನ ಕಚೇರಿಯೊಳಗ ನಮ್ಮ ಮಾತ!" ಅಂದರು.

"ನಾಡಿಗೆ ಹೆಸರು ಏನಿಟ್ರು?" ಎಂದು ಅತ್ತೆ ಕೇಳಿದಳು.

"ಮೈಸೂರು."

"ಮೈಸೂರು ಅಂದ್ರ ಆ ಕಡಿ ಮಂದೀದಲ್ಲೇನೋ? ನಮ್ಮದು ಹೆಂಗಾತು?"

"ಮುಂದ ಬದಲ ಮಾಡ್ತಾರ ಬಿಡು" ಎಂದು ಅವರು ಗುಲಾಲು ತೊಳೆಯಲು ಹೋದರು. ಅವರ ಮೈಮೇಲಿನ ಗುಲಾಲಿಗೆ ನನಗೆ ಒಂದು ಸೀನೂ ಬರಲಿಲ್ಲ. ಈ ವರ್ಷ ಗುಣವಾಯಿತು ಅಂದುಕೊಂಡೆ.

ಒಂದು ತಿಂಗಳು ನೆಮ್ಮದಿ. ಆಮೇಲೆ ಛಟ್ಟಿ ಬಂತು, ಮೂಡಗಾಳಿ ಬಿಟ್ಟಿತು, ಮತ್ತೆ ಶುರು. ಈ ಸಲ ಬಹಳ ಜೋರು. ಸೀನಿನ ಜೊತೆ ಕೆಮ್ಮು, ಕೆಮ್ಮಿನ ಜೊತೆ ಎದೆಯಲ್ಲಿ ಪೀಪಿ ಊದಿದ ಸಪ್ಪಳ. ಕೂಸಿಗೆ ಹಾಲು ಕೊಡುತ್ತ ಸೀನಿದರೆ ಅದು ಬೆಚ್ಚಿ ಅಳುತ್ತಿತ್ತು. ಓಂಕಾಳಿನ ಗಂಟು ಮೂಸಿಸಿದರು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದರು. ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಬಂತು. ಭಾವ ಸೀನಿದ, ಅತ್ತೆ ಸೀನಿದಳು, ಹೊರಗೆ ಕಟ್ಟಿದ ಎಮ್ಮೆ ಸೀನಿತು. ಆ ಒಂದು ಹೊತ್ತು ನನಗೆ ಜೊತೆ ಸಿಕ್ಕಿತು.

ಒಂದು ಬೆಳಿಗ್ಗೆ ಬೀಸುಕಲ್ಲಿನ ಮುಂದೆ ಕೂತಿದ್ದೆ, ಕೂಸು ತೊಡೆಯ ಮೇಲೆ. ಹತ್ತು ಹದಿನೈದು ಸೀನು ಎಡಬಿಡದೆ ಬಂದವು, ಹಿಂದೆಯೇ ಕೆಮ್ಮು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ತೆಗೆದು ನೋಡಿದರೆ ಅಂಗೈ ಅಗಲ ರಕ್ತ. ಅತ್ತೆ ಎದುರಿಗೇ ಇದ್ದಳು. ಅವಳ ಮುಖ ಬೂದಿಯಾಯಿತು. ಬಂದು ಕೂಸನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

"ಅತ್ತಿ, ಅದು ಮೂಗಿಂದು."

"ಬಾಯಿ ಒತ್ತಿದ್ದಿ. ನಾ ನೋಡೇನಿ."

"ಮೂಗಿಂದು ಅಂತೀನಿ!"

"ಹಿರೀ ಸೊಸಿನೂ ಮೊದಲು ಹಲ್ಲಿಂದ ಅಂದಿದ್ಲು" ಎಂದು ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ನನ್ನ ತಟ್ಟೆ ಬೇರೆ, ಚರಗಿ ಬೇರೆ, ಹಾಸಿಗೆ ಹಿತ್ತಲಿನ ಹೊಟ್ಟಿನ ಕೋಣೆಯಲ್ಲಿ. ಕೂಸಿಗೆ ಆಡಿನ ಹಾಲು. ಅತ್ತೆ ಕೆಟ್ಟವಳಾಗಿದ್ದರೆ ಜಗಳ ಮಾಡಿ ಗೆಲ್ಲಬಹುದಿತ್ತು. ಕೆಟ್ಟವಳಲ್ಲ. ಹಿರಿಯ ಸೊಸೆಯನ್ನು ಎಂಟು ತಿಂಗಳು ತನ್ನ ಕೈಯಿಂದಲೇ ಉಣಿಸಿ ತಿನಿಸಿ ಮಣ್ಣು ಮಾಡಿದವಳು. ಹೆದರಿದ ಮನುಷ್ಯರಿಗೆ ತಿಳಿಸಿ ಹೇಳುವುದು ಗೋಡೆಗೆ ಹೇಳಿದ ಹಾಗೆ.

ಎದೆ ಹಾಲಿನಿಂದ ಬಿಗಿದು ಕಲ್ಲಾಗುತ್ತಿತ್ತು. ನಡುಮನೆಯಲ್ಲಿ ಕೂಸು ಅತ್ತರೆ ಇತ್ತ ಕುಪ್ಪಸ ತೋಯುತ್ತಿತ್ತು. ಹೊಟ್ಟಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಹಿಂಡಿ ಚೆಲ್ಲುತ್ತಿದ್ದೆ. ಇಂಥದ್ದನ್ನು ಬರೆಯಬಾರದು ಎನ್ನುವವರು ಬಿಟ್ಟು ಮುಂದೆ ಓದಲಿ.

ನಾಲ್ಕನೆಯ ದಿನ ನಮ್ಮನೆಯವರು ಸಭೆಯಿಂದ ಬಂದರು. ಕೂಸನ್ನು ಅತ್ತೆಯ ಹತ್ತಿರವೇ ಬಿಟ್ಟು ನನ್ನನ್ನು ಬಂಡಿಯಲ್ಲಿ ಗದಗಿಗೆ ಕರೆದೊಯ್ದರು. ದವಾಖಾನೆಯವರು, ಡಾಕ್ಟರು ಇಲ್ಲ, ಪರಸ್ಥಳಕ್ಕೆ ಹೋಗಿದ್ದಾರೆ, ಎರಡು ದಿನ ಬಿಟ್ಟು ಬರ್ರಿ ಅಂದರು. ಬೆಟಗೇರಿಯ ತವರಿನಲ್ಲಿ ಉಳಿದೆ. ಮೊದಲ ದಿನ ಸಂಜೆಗೆ ಸೀನು ಕಡಿಮೆಯಾಯಿತು. ಮರುದಿನ ಎದೆಯ ಪೀಪಿ ನಿಂತಿತು. ಮೂರನೆಯ ದಿನ ಡಾಕ್ಟರ ಮುಂದೆ ಕೂತಾಗ ನಾನು ಮದುಮಗಳ ಹಾಗೆ ಚೊಕ್ಕಟವಾಗಿದ್ದೆ. ಅಷ್ಟು ದಿನ ಬಿಡದ ಸೀನು, ತೋರಿಸಬೇಕಾದ ಹೊತ್ತಿಗೆ ಒಂದಾದರೂ ಬರಬೇಡವೇ?

ಡಾಕ್ಟರು ಬೆನ್ನಿಗೆ, ಎದೆಗೆ ನಳಿಗೆ ಇಟ್ಟು ಕೇಳಿದರು. ಉಗುಳು ತೋರಿಸಿ ಅಂದರು. ಉಗುಳಿದರೆ ಬರೀ ಉಗುಳು.

"ಎದಿ ಸ್ವಚ್ಛ ಐತಿ. ಸ್ವಲ್ಪ ನಿಶ್ಶಕ್ತಿ. ಹಾಲು ಬೆಣ್ಣಿ ತಿನ್ನಲಿ, ಹೊಗಿ ಇಲ್ಲದ ಕಡೆ, ಬಯಲ ಗಾಳಿ ಆಡೋ ಕಡೆ ಇರ್ಲಿ" ಅಂದರು.

ನಮ್ಮವ್ವ, "ಇಲ್ಲೇ ಇರು ನೀಲಿ, ಅಲ್ಲಿಗೆ ಹೋಗಬ್ಯಾಡ" ಅಂದಳು. ಕೂಸು ಅಲ್ಲಿತ್ತು. ಬಂಡಿ ಹತ್ತಿದೆ. ಬಂಡಿ ದಾರಿಯ ಅಸುಂಡಿ ಊರು ದಾಟಿ ಮುಂದೆ ಹೋಗುತ್ತಿದ್ದಂತೆ ಮೂಗು ತುರಿಸಲು ಶುರುವಾಯಿತು. ಮನೆಯ ಬಾಗಿಲಿಗೆ ಇಳಿಯುವಾಗ ಎಂಟು ಸೀನು.

ನಮ್ಮನೆಯವರು ಡಾಕ್ಟರು ಹೇಳಿದ್ದನ್ನು ಒಪ್ಪಿಸಿದರು. ಅತ್ತೆ ಪೂರ್ತಿ ಕೇಳಿ, "ಎದಿ ಸ್ವಚ್ಛ ಅಂತ ಹಿರೀ ಸೊಸಿಗೂ ಮೊದಲ ಸಲ ಹಿಂಗ ಅಂದಿದ್ರು. ಅಂದು ಎಂಟು ತಿಂಗಳಿಗೆ ಹೋದ್ಲು. ಮತ್ತೇನಂದ್ರು?" ಎಂದು ಕೇಳಿದಳು.

"ಬಯಲ ಗಾಳಿ ಚಲೋ ಅಂದ್ರು."

"ಅದು ಖರೆ. ಹಿರೀ ಸೊಸೀನ್ನ ಒಳಗ ಮಲಗಿಸಿ ನಾ ತಪ್ಪು ಮಾಡಿದೆ. ಇಕಿನ್ನ ಹೊಲಕ್ಕ ಕಳಸೂಣು. ಮುಂಜಾನೆ ಹೋಗಲಿ, ಸಂಜಿಗೆ ಬರಲಿ. ಗಾಳೀನೂ ಆತು, ಹಕ್ಕಿ ಕಾಯೋ ಕೆಲಸಾನೂ ಆತು."

ಮಾತಿನಲ್ಲಿ ತನಗೆ ಬೇಕಾದ ಅರ್ಧವನ್ನು ಹಿಡಿದುಕೊಂಡು ಬಿಡುವುದು ಆ ಮನೆಯ ಗುಣ. ಹಾಗಾಗಿ ನನ್ನನ್ನು ಜೋಳದ ಹೊಲದ ನಟ್ಟನಡುವಿನ ಅಟ್ಟದ ಮೇಲೆ ಕೂರಿಸಿದರು. ನಾಲ್ಕು ಕಂಬ, ಮೇಲೆ ಹಲಗೆ, ನೆರಳಿಗೆ ದಂಟಿನ ತಡಿಕೆ. ಕೈಯಲ್ಲಿ ಕವಣೆ. ಹೊಲದ ಕೆಳಗಿನ ಪಟ್ಟಿಯನ್ನು ಮುಂಚೆ ಬಿತ್ತಿದ್ದರಿಂದ ಅಲ್ಲಿ ತೆನೆ ಹಾಲುಗಟ್ಟಿತ್ತು, ಹಕ್ಕಿ ಬರುತ್ತಿದ್ದವು. ಉಳಿದ ಹೊಲವೆಲ್ಲ ಆಗತಾನೇ ಹೂ ಬಿಡುತ್ತಿತ್ತು. ಆಳೆತ್ತರದ ಜೋಳ, ತೆನೆ ಸರಿಯಾಗಿ ನನ್ನ ಅಟ್ಟದ ಮಟ್ಟಕ್ಕೆ. ಗಾಳಿ ಬೀಸಿದರೆ ಹಳದಿ ಧೂಳು ಹೊಗೆಯ ಹಾಗೆ ಏಳುತ್ತಿತ್ತು. ಸಂಜೆಗೆ ನನ್ನ ಕಪ್ಪು ಸೀರೆಯ ಮೇಲೆ ಬೆರಳಲ್ಲಿ ಗೆರೆ ಎಳೆಯಬಹುದಿತ್ತು.

ಒಂದು ವಾರದಲ್ಲಿ ಕಣ್ಣು ಬಾತು ಸೀಳಿನಷ್ಟೇ ಉಳಿಯಿತು. ಮಾತಾಡಿದರೆ ದಮ್ಮು. ಮಧ್ಯಾಹ್ನ ನಮ್ಮನೆಯವರು ಬುತ್ತಿ ತಂದು ಬದುವಿನ ಮೇಲೆ ಇಟ್ಟು ದೂರದಿಂದಲೇ ಕೂಗುತ್ತಿದ್ದರು.

"ಹೆಂಗೈತಿ ಗಾಳಿ? ಏನರ ಚಲೋ ಅನಸ್ತೈತೇನು?"

"ಸಾಯಾಕ ಚಲೋ ಐತಿ. ಕೂಸು ಹೆಂಗೈತ್ರಿ?"

"ಆಡಿನ ಹಾಲಿಗೆ ಹೊಂದೇತಿ. ಅವ್ವ ಮತ್ತೊಂದು ವಾರ ನೋಡೂಣು ಅಂತಾಳ."

"ಆಮ್ಯಾಲ?"

ಅವರು ಎತ್ತಲೋ ನೋಡಿದರು. ಆಮೇಲೆ ಹೇಳಿದರು. ಸಂಕ್ರಮಣದ ತನಕ ಗುಣವಾಗದಿದ್ದರೆ ನನ್ನನ್ನು ತವರಿಗೆ ಬಿಟ್ಟುಬರುವುದು. ಕೂಸು ಇಲ್ಲೇ. "ಕೂಸಿಗರ ಹತ್ತಬಾರದಲ್ಲ" ಅಂದರು. ನಾಡಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಗಂಡಸಿಗೆ ತನ್ನ ಅವ್ವನ ಮುಂದೆ ನಾಲ್ಕು ಮಾತು ಬರುತ್ತಿರಲಿಲ್ಲ. ನಾನು ಕವಣೆಗೆ ಕಲ್ಲು ಹಾಕಿದೆ. ಅವರು ಬೇಗ ಬೇಗ ಹೋದರು. ಹೊಡೆಯಬೇಕು ಎಂದು ಹಾಕಿದ್ದಲ್ಲ, ಹೊಡೆದರೂ ಅಡ್ಡಿಯಿರಲಿಲ್ಲ.

ನಮ್ಮ ಹೊಲದ ಮೂಡಲಿಗೆ ಬಸಪ್ಪಜ್ಜನ ಕಡಲೆ ಹೊಲ. ದೊಡ್ಡ ಹೊಲ, ಅದರಾಚೆ ಹತ್ತಿ. ಅಜ್ಜನಿಗೆ ಬೆನ್ನು ಬಾಗುತ್ತಿರಲಿಲ್ಲ. ನಸುಕಿನಲ್ಲಿ ಕಡಲೆ ಗಿಡದ ಮೇಲೆ ಧೋತರದ ತುಂಡು ಹಾಸಿ, ಇಬ್ಬನಿಯ ಜೊತೆ ಇಳಿಯುವ ಹುಳಿಯನ್ನು ಅದರಿಂದ ಹಿಂಡಿ ಶೀಸೆಗೆ ತುಂಬಬೇಕು. ಹೊಟ್ಟೆನೋವಿಗೆ ಅದು ಔಷಧ, ಊರಿನವರೆಲ್ಲ ಅಜ್ಜನ ಹತ್ತಿರವೇ ಕೇಳಿಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಬದುವಿನಿಂದ ಕೂಗಿದ.

"ಏ ತಂಗಿ, ಒಂದೀಟು ಅರಬಿ ಹಾಸಿ ಹಿಂಡಿಕೊಡು ಬಾರವಾ."

"ನನಗ ಕ್ಷಯ ಐತಂತ ಅಜ್ಜ. ನಾ ಮುಟ್ಟಿದ್ದು ನಡೀತೈತೇನು?"

"ನನಗ ಎಂಬತ್ತು. ನಿನ್ನ ಕ್ಷಯ ಬಂದು ನನ್ನ ಏನ ಕಿತ್ತೀತು? ಬಾ."

ಹೋದೆ. ಬಿಸಿಲೇರುವ ತನಕ ಹಾಸಿದೆ, ಹಿಂಡಿದೆ. ಬೆರಳಿಗೆಲ್ಲ ಹುಳಿ ಹತ್ತಿ ಉರಿಯಿತು. ಹಿಂದಿರುಗಿ ನಮ್ಮ ಅಟ್ಟ ಹತ್ತಿ ಒಂದು ತಾಸಿನೊಳಗೆ ಸೀನು ಹಿಡಿಯಿತು. ಎರಡನೆಯ ದಿನವೂ ಹಾಗೇ ಆಯಿತು. ಅಜ್ಜ, "ಅಲ್ಲಬೇ, ನನ್ನ ಹೊಲದಾಗ ಇದ್ದಾಗ ನಿನ್ನ ಮೂಗು ಸುಮ್ಮನಿರ್ತೈತಿ. ನನ್ನ ಕಂಡ್ರ ಹೆದರತೈತೇನು?" ಎಂದು ನಕ್ಕ.

ಅವನು ನಗೆಗೆ ಅಂದ. ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಗಾಳಿ ಮೂಡಲಿಂದ ಪಡುವಲಿಗೆ. ಅದು ಮೊದಲು ಕಡಲೆ ಹೊಲ ದಾಟಿ ಆಮೇಲೆ ಜೋಳಕ್ಕೆ ಬರುತ್ತದೆ, ಜೋಳದ ಧೂಳು ಕಡಲೆಯ ಕಡೆ ಹಾರುವುದಿಲ್ಲ. ಬೆಟಗೇರಿಯಲ್ಲಿ ಜೋಳ ಇಲ್ಲ, ಸೀನೂ ಇಲ್ಲ. ಮೂರೂ ವರ್ಷ ಒಂದೇ ಹೊತ್ತು, ಹೂ ಬಿಟ್ಟಾಗ ಶುರು, ಕಾಳು ಗಟ್ಟಿಯಾದಾಗ ಬಂದ್. ಇಷ್ಟು ಸಣ್ಣ ವಿಷಯ. ನಾನೇ ಮೂರು ವರ್ಷ ನೋಡಿರಲಿಲ್ಲ, ಅತ್ತೆಯನ್ನು ಅಂದು ಏನು ಫಲ.

ಅವತ್ತು ಸಂಜೆ ಹಿತ್ತಲ ಬಾಗಿಲಿನಿಂದ ಅತ್ತೆಗೆ ಹೇಳಿದೆ. "ಅತ್ತಿ, ಇದು ಕ್ಷಯ ಅಲ್ಲ. ಜ್ವಾಳದ ಹೂವಿನ ಧೂಳು ನನಗ ಆಗಿಬರಂಗಿಲ್ಲ."

ಅತ್ತೆ ಕೈಯಲ್ಲಿನ ರೊಟ್ಟಿ ಹಾಗೇ ಹಿಡಿದು ನಿಂತಳು. "ಜ್ವಾಳ? ತಿನ್ನೂ ಅನ್ನಕ್ಕ ಹೆಸರಿಡ್ತಿ? ಈ ಊರಾಗ ಜ್ವಾಳದ ಹೊಲದಾಗ ಹಡದಾರ, ಜ್ವಾಳದ ಹೊಲದಾಗ ಸತ್ತಾರ. ಜ್ವಾಳಕ್ಕ ಸೀನಿದಾಕಿನ್ನ ನಾ ಕಂಡಿಲ್ಲ."

"ಈಗ ಕಾಣ್ರಿ ಹಂಗಾದ್ರ."

"ಬಾಯಿ ಮುಚ್ಚು. ಹೊಲದ ಲಕ್ಷ್ಮಿ ಕೇಳಿಸಿಕೊಂಡಾಳು."

ಮರುದಿನದಿಂದ ನಾನು ಅಟ್ಟ ಹತ್ತಲಿಲ್ಲ. ಎಳ್ಳಮಾವಾಸ್ಯೆಗೆ ಇನ್ನು ಮೂರು ದಿನವಿತ್ತು. ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಬರುತ್ತಾರೆ. ಪೈರು ಬಸುರಿ ಅಂತ, ಅದಕ್ಕೆ ಬಯಕೆಯ ಅಡುಗೆ ಮಾಡಿ ತಂದು ಚರಗ ಅಂತ ಹೊಲದ ತುಂಬ ಚೆಲ್ಲಿ, ಆಮೇಲೆ ಉಣ್ಣುವ ಹಬ್ಬ. ಕೂಸನ್ನೂ ತರುತ್ತಾರೆ. ನಾನು ಮೂರೂ ದಿನ ಬಸಪ್ಪಜ್ಜನ ಕಡಲೆ ಹೊಲದ ಆ ತುದಿಗೆ ಹೋಗಿ ಕೂತೆ. ಹಕ್ಕಿ ಬಂದವು, ಬರಲಿ ಅಂದೆ. ತಿಂದವು, ತಿನ್ನಲಿ ಅಂದೆ.

ಅಮಾವಾಸ್ಯೆಯ ದಿನ ಬಂಡಿ ಬಂತು. ಕಡಲೆ ಹೊಲದ ಬದುವಿಗೆ ಹತ್ತಿದ ಬನ್ನಿಗಿಡದ ಕೆಳಗೆ ಕಂಬಳಿ ಹಾಸಿದರು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಪುಂಡಿಪಲ್ಲೆ, ಬುಟ್ಟಿ ತುಂಬ ಬಂದಿತ್ತು. ಕೂಸು ಅತ್ತೆಯ ಬಗಲಲ್ಲಿ. ಹದಿನೈದು ಮಾರು ದೂರ ನಾನು. ಕೂಸು ನನ್ನನ್ನು ನೋಡಿತು, ಆಮೇಲೆ ಎತ್ತಿನ ಕೊಂಬು ನೋಡಿತು.

ಭಾವ ಚರಗ ಚೆಲ್ಲುತ್ತ ಹೊಲದ ಕೆಳಗಿನ ಪಟ್ಟಿಗೆ ಹೋದವನು ಓಡಿಬಂದ. ಅವನು ಓಡಿದ್ದನ್ನು ನಾನು ಅವತ್ತೊಂದೇ ದಿನ ನೋಡಿದ್ದು.

"ಅವ್ವಾ, ಕೆಳಗಿನ ಪಟ್ಟಿ ಹೋತು. ಬರೀ ಸಿಪ್ಪಿ. ಹಕ್ಕಿ ಮುಗಿಸ್ಯಾವ."

ಅತ್ತೆ ನನ್ನ ಕಡೆ ತಿರುಗಿದಳು. "ಕಾಯಾಕ ಕಳಿಸಿದ್ರ ತಿನಿಸಿ ಕುಂತೇನ?"

"ಹೌದ್ರಿ. ಮೂರು ದಿನ ಅಟ್ಟ ಹತ್ತಿಲ್ಲ. ಕಡ್ಲಿ ಹೊಲದಾಗ ಕುಂತಿದ್ದೆ. ನೀವು ಬಂದು ಎಷ್ಟೊತ್ತಾತು? ನಾ ಎಷ್ಟು ಸೀನು ಸೀನೇನಿ, ಹೇಳ್ರಿ."

ಒಂದೂ ಸೀನಿರಲಿಲ್ಲ. ನಾನು ಎದ್ದು ನಮ್ಮ ಹೊಲದೊಳಗೆ ನಾಲ್ಕು ಹೆಜ್ಜೆ ಹೋಗಿ ಹೂ ತುಂಬಿದ ಒಂದು ತೆನೆ ಲಟಕ್ಕನೆ ಮುರಿದೆ.

ಅತ್ತೆ ಚೀರಿದಳು. ಎಳ್ಳಮಾವಾಸ್ಯೆಯ ದಿನ ಪೈರನ್ನು ಉಗುರಿನಿಂದ ಕೂಡ ಮುಟ್ಟಬಾರದು. ಬಸುರಿಗೆ ಕೈ ಮಾಡಿದ ಹಾಗೆ. ನಮ್ಮನೆಯವರು, "ಏ, ಏ, ಏನ್ ಮಾಡಾಕತ್ತಿ!" ಎಂದು ಎದ್ದುನಿಂತರು, ನಿಂತದ್ದಷ್ಟೇ. ನಾನು ತೆನೆಯನ್ನು ಮುಖದ ಮೇಲೆ ಹಿಡಿದು ಗಡಗಡ ಅಲುಗಿಸಿ ಧೂಳನ್ನೆಲ್ಲ ಎಳೆದುಕೊಂಡೆ. ಬುಡದಿಂದ ತುದಿಯವರೆಗೆ ಮೂಗಿಗೆ ತಿಕ್ಕಿಕೊಂಡೆ.

"ನೋಡ್ರಿ ಈಗ" ಅಂದೆ.

ಎರಡು ನಿಮಿಷ ಏನೂ ಇಲ್ಲ. ಅಷ್ಟರಲ್ಲಿ ಬಸಪ್ಪಜ್ಜ ಬದುವಿಗೆ ಬಂದು ಕೂತಿದ್ದ. "ತಡೀರಿ, ಬರ್ತೈತಿ" ಅಂದ, ಮಳೆ ಕಾಯುವವನ ಹಾಗೆ. ಬಂತು. ಎಣಿಸುವವರು ಎಣಿಸಲಿ ಎಂದು ಬಿಟ್ಟುಬಿಟ್ಟೆ. ಕಣ್ಣು ಅವರ ಎದುರಿಗೇ ಬಾತುಕೊಂಡವು. ಅತ್ತೆ ಕೂಸನ್ನು ನಮ್ಮನೆಯವರ ಕೈಗೆ ಕೊಟ್ಟು ಹತ್ತಿರ ಬಂದಳು. ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಬಂದದ್ದು. ಬಿದ್ದ ತೆನೆ ಎತ್ತಿ ಕಣ್ಣಿಗೆ ಒತ್ತಿಕೊಂಡು ತಪ್ಪಾಯಿತು ಎಂದು ಬೇಡಿಕೊಂಡಳು, ಆಮೇಲೆ ತನ್ನ ಮೂಗಿಗೆ ಹಿಡಿದು ಮೂಸಿದಳು. ಏನೂ ಆಗಲಿಲ್ಲ. ಭಾವನ ಮೂಗಿಗೆ ಹಿಡಿದಳು. ಏನೂ ಆಗಲಿಲ್ಲ.

"ನಮಗ್ಯಾಕ ಆಗವಲ್ದು?"

"ನನಗೇನ ಗೊತ್ತು! ನಿಮ್ಮ ಮೂಗು ಕಬ್ಬಿಣದ್ದಿರಬೇಕು!"

ಅದಕ್ಕೂ ಬಿಡಲಿಲ್ಲ. ಕಡಲೆ ಹೂ ಕಿತ್ತು ತಂದು ನನ್ನ ಮೂಗಿಗೆ ಹಿಡಿದಳು, ಬನ್ನಿ ಎಲೆ ಹಿಡಿದಳು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನನ್ನ ಗದ್ದ ಎತ್ತಿ ನೋಡುತ್ತಿದ್ದಳು. ಆ ಹೊತ್ತಿಗೆ ಎಲ್ಲದಕ್ಕೂ ಸೀನು ಬರುತ್ತಿದ್ದರಿಂದ ಅವಳ ಪರೀಕ್ಷೆ ಕೆಟ್ಟಿತು. "ತಡಿ, ಇನ್ನೊಂದ ಸಲ" ಅಂದಳು. ನಾನು, "ಇನ್ನೊಂದ ಸಲ ಮಾಡಿದ್ರ ನಿಮ್ಮ ಕಾಲ ಮ್ಯಾಲ ಬಿದ್ದು ಸಾಯ್ತೇನಿ" ಅನ್ನುತ್ತಿದ್ದಂತೆ ಒಂದು ಸೀನು ಎದೆಯಿಂದ ಎದ್ದು ಬಂತು. ಹಿಂದೆಯೇ ಮೂಗಿನಿಂದ ರಕ್ತ ಇಳಿಯಿತು. ಎಡಗಡೆಯ ಹೊಳ್ಳೆಯಿಂದ ತೊಟ್ಟು ತೊಟ್ಟಾಗಿ ತುಟಿಯ ಮೇಲೆ, ತುಟಿಯಿಂದ ಗದ್ದಕ್ಕೆ, ಗದ್ದ ಹಿಡಿದಿದ್ದ ಅವಳ ಬೆರಳಿಗೆ. ನಾನು ಸೆರಗು ಒತ್ತಲಿಲ್ಲ. ಬಾಯಿ ಅಗಲಿಸಿ ತೋರಿಸಿದೆ. ಹಲ್ಲು ಬೆಳ್ಳಗಿದ್ದವು, ನಾಲಿಗೆಯ ಮೇಲೆ ಒಂದು ಹನಿ ರಕ್ತವಿರಲಿಲ್ಲ.

ಅತ್ತೆ ಬೆರಳು ನೋಡಿಕೊಂಡಳು, ನನ್ನ ಮೂಗು ನೋಡಿದಳು.

"ಮೂಗಿಂದು" ಅಂದಳು.

ತಪ್ಪಾಯಿತು ಅನ್ನಲಿಲ್ಲ. ನನ್ನನ್ನು ರಟ್ಟೆ ಹಿಡಿದು ಎಳೆದುಕೊಂಡು ಕಡಲೆ ಹೊಲದೊಳಗೆ ದೂರ ಕರೆದುಕೊಂಡು ಹೋಗಿ ಕೂರಿಸಿ, ಚರಗಿ ನೀರಿನಿಂದ ತಾನೇ ಮುಖ ತೊಳೆದಳು. ಹೋಗಿ ಕೂಸನ್ನು ತಂದು ಮಡಿಲಿಗೆ ಹಾಕಿದಳು. ಹಾಕಿ ಬೆನ್ನು ತಿರುಗಿಸಿ ನಿಂತಳು, ನಿಂತೇ ಹಿರಿಯ ಸೊಸೆಯ ಹೆಸರು ಹಿಡಿದು ಏನೋ ಅಂದಳು. ನನಗೆ ಪೂರ್ತಿ ಕೇಳಿಸಲಿಲ್ಲ, ಕೇಳಲೂ ಇಲ್ಲ.

ನಾನು ಕುಪ್ಪಸ ಬಿಚ್ಚಿದೆ. ಕೂಸು ಬಾಯಿ ಹಾಕಿತು, ಬಿಟ್ಟಿತು. ಮತ್ತೆ ಹಾಕಿದೆ, ಮುಖ ತಿರುಗಿಸಿ ಚೀರಿತು. ಹಿಂಡಿ ನೋಡಿದರೆ ಎರಡು ಹನಿ. ಎರಡು ಮೂರು ದಿನದಿಂದ ಎದೆ ಬಿಗಿಯುವುದು ನಿಂತಿತ್ತು. ಕಡಲೆ ಹೊಲಕ್ಕೆ ಬಂದು ಹಗುರಾಯಿತು ಅಂದುಕೊಂಡಿದ್ದೆ. ಹಾಲು ಬತ್ತಿತ್ತು. ಅತ್ತೆ ತಿರುಗಿ ನೋಡಿದಳು. ಬಂಡಿಯಿಂದ ಆಡಿನ ಹಾಲಿನ ಬಟ್ಟಲು ತಂದಳು. ಕೂಸು ಅವಳ ಕೈಯಿಂದ ಗಟಗಟ ಕುಡಿದು ಅವಳ ಭುಜದ ಮೇಲೆಯೇ ಮಲಗಿತು.

ಮನೆಗೆ ಹೋಗುವಾಗ ಅತ್ತೆ ಬಂಡಿಯಲ್ಲಿ ನನ್ನ ಪಕ್ಕ ಕೂತಳು. ನನ್ನ ತಲೆಗೂ ಮುಖಕ್ಕೂ ತನ್ನ ಸೆರಗನ್ನೇ ಹೊದಿಸಿ ಗಂಟು ಕಟ್ಟಿದ್ದಳು.

"ನಾಳಿಗೆ ಬೆಟಗೇರಿಗೆ ಹೋಗು. ಹೂ ಉದುರೂತನ ನಿಮ್ಮವ್ವನ ಕಡೆ ಇರು" ಅಂದಳು.

"ಕೂಸು?"

"ಕೂಸು ನಿಂದಲ್ಲೇನು? ಹೊತ್ಕೊಂಡು ಹೋಗು."

ಮುಂದೆ ಎತ್ತು ಹೊಡೆಯುತ್ತಿದ್ದ ನಮ್ಮನೆಯವರು, "ನಾ ಮೊದಲ ಅಂದಿದ್ದೆ, ಡಾಕ್ಟರು ಎದಿ ಸ್ವಚ್ಛ ಐತಿ ಅಂದಾರ ಅಂತ" ಅಂದರು. ನಾನೂ ಅತ್ತೆಯೂ ಒಟ್ಟಿಗೇ, "ಸುಮ್ಮನ ಎತ್ತು ಹೊಡೀರಿ", "ಹೊಡಿಯೋ" ಅಂದೆವು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಅತ್ತೆ ಚರಗಿ ಹಿಡಿದು ಹಿತ್ತಲಿಗೆ ಬಂದಳು. ಅವಳ ಕೈಯಿಂದ ಚರಗಿ ಕಿತ್ತುಕೊಂಡು ಆಡಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಮಗ್ಗದ ಮನೆಯವಳು, ಅದುವರೆಗೆ ಆಡು ಕರೆದವಳಲ್ಲ. ಒಂದು ಸಲ ಒದ್ದು ಚರಗಿ ಉರುಳಿಸಿತು. ಎರಡನೆಯ ಸಲ ನನ್ನ ಮೊಣಕಾಲಿಗೇ ಒದೆಯಿತು. ಅತ್ತೆ ಬಾಗಿಲಿಗೆ ಒರಗಿ, "ಹಂಗಲ್ಲ, ಹೆಬ್ಬೆರಳು ಒಳಗ ಮಡಚು" ಅಂದಳು. ಮಡಚಿದೆ. ಮೂರನೆಯ ಸಲ ಅಂಗೈಯಷ್ಟು ಹಾಲು ಬಂತು. ಅದನ್ನು ಕಾಸಿ, ಆರಿಸಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನೇ ಕುಡಿಸಿದೆ. ಮೊದಲ ಗುಟುಕು ಉಗುಳಿತು, ಎರಡನೆಯದು ನುಂಗಿತು. ಆಮೇಲೆ ಆಡನ್ನು ಹಗ್ಗ ಹಾಕಿ ಬೆಟಗೇರಿಗೆ ಹೊರಟ ಬಂಡಿಯ ಹಿಂದೆ ಕಟ್ಟಿ, ಕೂಸನ್ನು ಎತ್ತಿಕೊಂಡು ಹತ್ತಿ ಕೂತೆ.